ಭಟ್ಟಿ ಬದಲಾಗುವ ಮುನ್ನ ಹೆಸರು ದಾಖಲಾಗಲಿ

ಪ್ರಶ್ನೆ: ನಮ್ಮೂರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿದೆ. ಅಪ್ಪ ಹದಿನೆಂಟು ವರ್ಷಗಳಿಂದ ಪುಣೆಯ ಭೋಸರಿಯ ಒಂದು ಫೌಂಡ್ರಿಯಲ್ಲಿ (ಲೋಹದ ಎರಕದ ಕಾರ್ಖಾನೆ) ಠೇಕೇದಾರರ ಕೈಕೆಳಗೆ ಕುಪೋಲಾ ಭಟ್ಟಿಯ ಕೆಲಸ ಮಾಡುತ್ತಿದ್ದಾರೆ. ವಾಹನ ಕಂಪನಿಗಳು ಇಂಗಾಲದ ಲೆಕ್ಕ ಕೇಳುತ್ತಿವೆಯೆಂದು ಮಾಲೀಕರು ಮುಂದಿನ ವರ್ಷ ಕೋಕ್ ಭಟ್ಟಿಯನ್ನು ತೆಗೆದು ವಿದ್ಯುತ್ ಭಟ್ಟಿ ಹಾಕಿಸುತ್ತಾರಂತೆ. ಪರ್ಮನೆಂಟ್ ಕೆಲಸಗಾರರಿಗೆ ತರಬೇತಿ ಇದೆಯಂತೆ. ಅಪ್ಪನಂಥವರಿಗೆ ಯಾರೂ ಏನೂ ಹೇಳಿಲ್ಲ. ಹೊಗೆ ಕಡಿಮೆಯಾಗಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಅದರ ಬೆಲೆಯನ್ನು ನಮ್ಮಂಥವರೇ ತೆರಬೇಕೆ? ಕಾನೂನಿನಲ್ಲಿ ನಮಗೆ ಏನಾದರೂ ಆಸರೆ ಇದೆಯೆ?
— ಓದುಗರು, ಭೋಸರಿ

ಉತ್ತರ: ಕಾನೂನಿನಲ್ಲಿ ನಿಮ್ಮ ತಂದೆಯವರಿಗೆ ಆಸರೆ ಇದೆ. ಆದರೆ ಹಳೆಯ ಭಟ್ಟಿ ಉರಿಯುತ್ತಿರುವಷ್ಟು ದಿನ ಮಾತ್ರ ಅದಕ್ಕೆ ಬಲ. ಭಟ್ಟಿ ಆರಿದ ಮೇಲೆ ಅವರು ಅಲ್ಲಿ ದುಡಿದಿದ್ದರು ಎಂಬುದನ್ನು ಸಾಬೀತುಪಡಿಸುವುದೇ ದೊಡ್ಡ ಹೋರಾಟವಾಗುತ್ತದೆ. ಆದ್ದರಿಂದ ನನ್ನ ಉತ್ತರದ ಬಹುಪಾಲು, ಈಗಲೇ ಯಾರ ಹೆಸರು ಎಲ್ಲಿ ದಾಖಲಾಗಬೇಕು ಎಂಬುದರ ಸುತ್ತಲೇ ಇರುತ್ತದೆ. ಭಾರಿ ಕೈಗಾರಿಕೆ ಇಂಗಾಲದಿಂದ ಹೊರಬರುವಾಗ ನ್ಯಾಯ ಸಿಗುವುದು ಪಟ್ಟಿಯಲ್ಲಿ ಇರುವವರಿಗೆ. ಪಟ್ಟಿಯೇ ಇಲ್ಲದೆ ನಡೆದ ಬದಲಾವಣೆಗಳಲ್ಲಿ ದುಡಿದವರಿಗೆ ಏನು ಉಳಿಯಿತು ಎಂಬುದನ್ನು ತಿಳಿಯಲು ನಾವು ಮುಂಬಯಿಯ ಆಚೆ ನೋಡಬೇಕಾಗಿಲ್ಲ.

ಮೊದಲು ಆ ಶೆಡ್ಡಿನೊಳಗೆ ಏನು ಬದಲಾಗುತ್ತದೆ ಎಂಬುದನ್ನು ನೋಡೋಣ. ಕುಪೋಲಾದಲ್ಲಿ ಕೋಕ್ (ಕಲ್ಲಿದ್ದಲನ್ನು ಕಾಯಿಸಿ ಮಾಡಿದ ಇಂಧನ), ಕಬ್ಬಿಣ, ಸುಣ್ಣಕಲ್ಲುಗಳನ್ನು ಪದರ ಪದರವಾಗಿ ಮೇಲಿನಿಂದ ಸುರಿಯುತ್ತಾರೆ, ಕೆಳಗಿನಿಂದ ಗಾಳಿ ಊದುತ್ತಾರೆ. ದಿನದ ಕೊನೆಗೆ ತಳವನ್ನು ತೆರೆದು ಉಳಿದ ಕೆಂಡವನ್ನೂ ಸ್ಲ್ಯಾಗ್ ಎಂಬ ಕಿಟ್ಟವನ್ನೂ ಕೆಡವುತ್ತಾರೆ. ಭಟ್ಟಿ ತಣಿದ ಮೇಲೆ ಒಬ್ಬರು ಒಳಗಿಳಿದು ಸವೆದ ಗೋಡೆಗೆ ಮಣ್ಣು ಮೆತ್ತುತ್ತಾರೆ. ಕೋಕ್ ಹೊರುವುದು, ಭಟ್ಟಿಗೆ ಸರಕು ಸುರಿಯುವ ಅಟ್ಟದ ಮೇಲೆ ನಿಲ್ಲುವುದು, ಮಣ್ಣು ಮೆತ್ತುವುದು, ಇವೆಲ್ಲ ಹೆಚ್ಚಾಗಿ ಗುತ್ತಿಗೆಯವರ ಪಾಲಿನ ಕೆಲಸಗಳು, ಮತ್ತು ವಿದ್ಯುತ್ ಭಟ್ಟಿ ಬಂದೊಡನೆ ಮೊದಲು ಇಲ್ಲವಾಗುವವೂ ಇವೇ. ಅಚ್ಚು ಕಟ್ಟುವುದು, ಎರಕ ಹೊಯ್ಯುವುದು, ಫೆಟ್ಲಿಂಗ್ (ಎರಕದ ಅಂಚು ಉಜ್ಜಿ ಚೊಕ್ಕಗೊಳಿಸುವುದು) ಮಾಡುವುದು ಎಂದಿನಂತೆ ಉಳಿಯುತ್ತವೆ. ಅಂದರೆ ಫೌಂಡ್ರಿ ಮುಚ್ಚುವುದಿಲ್ಲ. ಅದರೊಳಗಿನ ಕೆಲವರು ಮಾತ್ರ ಸದ್ದಿಲ್ಲದೆ ಹೊರಬೀಳುತ್ತಾರೆ. ಇಡೀ ಕಾರ್ಖಾನೆ ಮುಚ್ಚಿದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ, ಸರ್ಕಾರ ಉತ್ತರಿಸಬೇಕಾಗುತ್ತದೆ. ಹನ್ನೆರಡು ಮಂದಿಯ ಗೇಟ್ ಪಾಸ್ ನವೀಕರಣವಾಗದಿದ್ದರೆ ಯಾರಿಗೂ ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ ಉಕ್ಕು, ಎರಕ, ಸಿಮೆಂಟುಗಳ ಉತ್ಪಾದನೆ ಇನ್ನೂ ಬೆಳೆಯುತ್ತಲೇ ಇರುವುದರಿಂದ, ಇಲ್ಲಿನ ಅನ್ಯಾಯ ಬಹುಪಾಲು ಈ ಎರಡನೆಯ ಬಗೆಯದಾಗಿರುತ್ತದೆ ಎಂಬುದು ನನ್ನ ಅಂದಾಜು.

ನಿಮ್ಮ ತಂದೆಯವರ ಕೈಯಲ್ಲಿರುವ ವಿದ್ಯೆ ಹೊಸ ಭಟ್ಟಿಗೆ ಬೇಡವೆಂದು ಭಾವಿಸಬೇಡಿ. ಗಾಳಿ ಕೊಳವೆಯ ಕಿಂಡಿಯಲ್ಲಿ ಕಣ್ಣಿಟ್ಟು, ಹನಿಯುವ ಲೋಹದ ಬಣ್ಣದಿಂದಲೇ ಕಾವನ್ನು ಅಳೆಯುವವರು, ಯಾವ ಗುಜರಿಯಲ್ಲಿ ತೇವವಿದೆ, ಯಾವುದರಲ್ಲಿ ಸತುವಿದೆ ಎಂದು ನೋಡಿದೊಡನೆ ಹೇಳಬಲ್ಲರು. ಹೊಸದಾಗಿ ಬರುವ ವಿದ್ಯುತ್ ಭಟ್ಟಿಯಲ್ಲಿ, ಅಂದರೆ ಇಂಡಕ್ಷನ್ ಭಟ್ಟಿಯಲ್ಲಿ, ಆ ಅರಿವು ಪ್ರಾಣ ಉಳಿಸುತ್ತದೆ. ಅದರ ತಾಮ್ರದ ಸುರುಳಿಯೊಳಗೆ ಸದಾ ನೀರು ಹರಿಯುತ್ತಿರುತ್ತದೆ; ಒಳಗೋಡೆಯ ಲೈನಿಂಗ್ ಸವೆದು ಕರಗಿದ ಲೋಹ ಆ ನೀರಿಗೆ ತಾಗಿದರೂ, ಒದ್ದೆ ಗುಜರಿ ಭಟ್ಟಿಗೆ ಬಿದ್ದರೂ ಸ್ಫೋಟವಾಗುತ್ತದೆ. ಹಳಬರನ್ನು ಬಿಟ್ಟು ಹೊಸಬರನ್ನು ಅಗ್ಗವಾಗಿ ತಂದುಕೊಳ್ಳುವುದು ಮಾಲೀಕರಿಗೂ ಲಾಭದ ಮಾತಲ್ಲ. ಕೆಲಸದಿಂದಲೇ ಕಲಿತ ಕೌಶಲಕ್ಕೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಇದೆ. ಕಂಪನಿಯ ತರಬೇತಿ ಪಟ್ಟಿಗೆ ಹೆಸರು ಸೇರಿಸಿ ಎಂದು ಕೇಳುವಾಗ ಆ ಪ್ರಮಾಣಪತ್ರ ಕೈಯಲ್ಲಿದ್ದರೆ ಬೇಡಿಕೆಗೆ ತೂಕ ಬರುತ್ತದೆ.

ಹೊಗೆಯ ವಿಷಯದಲ್ಲೂ ಒಂದು ಮಾತು ಹೇಳಬೇಕು. ಚೆನ್ನಾಗಿ ನಡೆಯುವ ಕುಪೋಲಾಕ್ಕೆ ಒಂದು ಟನ್ ಲೋಹ ಕರಗಿಸಲು ಸುಮಾರು 125 ಕಿಲೋ ಕೋಕ್ ಬೇಕಾಗುತ್ತದೆ, ಅದರಿಂದ 400 ಕಿಲೋ ಆಸುಪಾಸಿನ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಇಂಡಕ್ಷನ್ ಭಟ್ಟಿಗೆ ಟನ್ನಿಗೆ 600 ಯೂನಿಟ್ ವಿದ್ಯುತ್ ಎಂದಿಟ್ಟುಕೊಳ್ಳಿ. ನಮ್ಮ ಗ್ರಿಡ್‌ನ ಒಂದು ಯೂನಿಟ್ಟಿನ ಹಿಂದೆ ಸರಾಸರಿ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುವುದರಿಂದ, ಲೆಕ್ಕ ಮತ್ತೆ 420 ಕಿಲೋಗೆ ಬಂದು ನಿಲ್ಲುತ್ತದೆ. ಭೋಸರಿಯ ಚಿಮಣಿಯ ಹೊಗೆ ನಿಜಕ್ಕೂ ಇಲ್ಲವಾಗುತ್ತದೆ, ನಿಮ್ಮ ಗಲ್ಲಿಯ ಮಕ್ಕಳ ಎದೆಗೆ ಅದು ದೊಡ್ಡ ಉಪಕಾರ. ಆದರೆ ಆ ವಿದ್ಯುತ್ತು 2,920 ಮೆಗಾವಾಟ್‌ನ ವಿದರ್ಭದ ಚಂದ್ರಪುರದಂಥ ಕಲ್ಲಿದ್ದಲು ಸ್ಥಾವರಗಳಿಂದಲೇ ಬರುತ್ತಿರುವಷ್ಟು ಕಾಲ, ಹೊಗೆ ಪುಣೆಯಿಂದ ವಿದರ್ಭಕ್ಕೆ ಮನೆ ಬದಲಿಸಿದೆ, ಅಷ್ಟೇ. ಮಾಲೀಕರು ಸೌರ ಅಥವಾ ಗಾಳಿ ವಿದ್ಯುತ್ತನ್ನು ಖರೀದಿಸಿದಾಗ ಮಾತ್ರ ಇಂಗಾಲದ ಲೆಕ್ಕ ಇಳಿಯುತ್ತದೆ. ಕೆಲಸಗಾರರು ಇದನ್ನು ಕೇಳುವುದು ಅಧಿಕಪ್ರಸಂಗವಲ್ಲ. ತಮ್ಮ ಅನ್ನವನ್ನು ಪಣಕ್ಕಿಟ್ಟು ನಡೆಯುವ ಬದಲಾವಣೆ ತಾನು ಹೇಳಿದ ಫಲವನ್ನು ಕೊಡುತ್ತದೆಯೆ ಎಂದು ತಿಳಿಯುವ ಹಕ್ಕು ಅವರಿಗಿದೆ.

ವಾಹನ ಕಂಪನಿಗಳು ಲೆಕ್ಕ ಕೇಳುತ್ತಿವೆಯೆಂದು ಮಾಲೀಕರು ಹೇಳುವುದರಲ್ಲಿ ನಿಜಾಂಶವಿದೆ. ಅದರ ಹಿಂದಿರುವುದು ಯುರೋಪಿನ ಒತ್ತಡ. ಆಮದು ವಸ್ತುಗಳ ಮೇಲಿನ ಅಲ್ಲಿನ ಗಡಿ ಇಂಗಾಲ ತೆರಿಗೆ 2026ರ ಜನವರಿಯಿಂದ ಪೂರ್ಣ ರೂಪದಲ್ಲಿ ಜಾರಿಗೆ ಬಂದಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ರಸಗೊಬ್ಬರಗಳಂಥ ವಸ್ತುಗಳಿಗೆ ಅದು ಅನ್ವಯಿಸುತ್ತದೆ. ವಾಹನದ ಬಿಡಿಭಾಗಗಳು ಅದರ ಮೂಲ ಪಟ್ಟಿಯಲ್ಲಿ ಇಲ್ಲದಿದ್ದರೂ, ದೊಡ್ಡ ವಾಹನ ತಯಾರಕರು ತಮ್ಮ ಪೂರೈಕೆದಾರರಿಂದ ಈಗಾಗಲೇ ಲೆಕ್ಕ ಕೇಳುತ್ತಿದ್ದಾರೆ. ಭಾರತ ಸರ್ಕಾರವೂ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕಿಗೆ ನಕ್ಷತ್ರದ ದರ್ಜೆ ನಿಗದಿಪಡಿಸಿತು: ಒಂದು ಟನ್ ಉಕ್ಕಿಗೆ 1.6 ಟನ್ನಿಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಸೂಸಿದರೆ ಐದು ನಕ್ಷತ್ರ, 2.2 ಟನ್ ಮೀರಿದರೆ ಒಂದೂ ಇಲ್ಲ. ಆ ದರ್ಜೆಯಲ್ಲಿ ಅಳೆಯುವುದು ಇಂಗಾಲವನ್ನು ಮಾತ್ರ. ಐದು ನಕ್ಷತ್ರದ ಉಕ್ಕು ತಯಾರಾಗುವಾಗ ಎಷ್ಟು ಗುತ್ತಿಗೆ ಕೆಲಸಗಾರರು ಪರಿಹಾರವಿಲ್ಲದೆ ಹೊರಟುಹೋದರು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ದುಡಿಯುವವರಿಗೆ ನ್ಯಾಯಯುತ ಪರಿವರ್ತನೆಯ ಮಾತು ಇದೆ, ಭಾರತ ಅದಕ್ಕೆ ಸಹಿ ಹಾಕಿದೆ. ಪೀಠಿಕೆಯಲ್ಲಿ ಒಪ್ಪಿಕೊಂಡದ್ದು ದರ್ಜೆಯ ನಿಯಮಕ್ಕೂ ಸಹಾಯಧನದ ಷರತ್ತಿಗೂ ಇಳಿಯದೆ ಇದ್ದರೆ ಭೋಸರಿಯ ಶೆಡ್ಡಿಗೆ ಅದು ತಲುಪುವುದೇ ಇಲ್ಲ.

ಈಗ ಕಾನೂನಿಗೆ ಬರೋಣ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಕೆಲಸಗಾರರ ಕಡಿತಕ್ಕೆ ದಾರಿಯಾಗಬಹುದಾದ ಯಂತ್ರ ಸುಧಾರಣೆಯನ್ನು ಮಾಡುವ ಮುನ್ನ, ಬಾಧಿತರಾಗುವವರಿಗೆ 21 ದಿನಗಳ ನೋಟಿಸು ಕೊಡಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿತ್ತು, ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಕುಪೋಲಾ ತೆಗೆದು ಇಂಡಕ್ಷನ್ ಭಟ್ಟಿ ಹಾಕುವುದು ಇದಕ್ಕೆ ಒಳ್ಳೆಯ ಉದಾಹರಣೆ. ಕಡಿತಗೊಂಡವರಿಗೆ ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನವನ್ನು ಪರಿಹಾರವಾಗಿ ಕೊಡಬೇಕು. ಅದಲ್ಲದೆ, ಮರುಕೌಶಲ ನಿಧಿಗೆ ಮಾಲೀಕರು ಕಟ್ಟಿದ 15 ದಿನಗಳ ವೇತನ 45 ದಿನಗಳೊಳಗೆ ಕೆಲಸಗಾರರ ಖಾತೆಗೆ ಬರಬೇಕು. ನಲವತ್ತೈದು ದಾಟಿದ ಮನುಷ್ಯ ಹೊಸ ಕಸುಬು ಕಲಿಯಲು ಹದಿನೈದು ದಿನಗಳ ಕೂಲಿ ಸಾಕೆಂದು ಬಗೆದ ಕಾನೂನು ಆ ಮನುಷ್ಯನ ಬದುಕನ್ನು ಹತ್ತಿರದಿಂದ ನೋಡಿಲ್ಲ ಎಂದೇ ನಾನು ಹೇಳುತ್ತೇನೆ. ಆದರೂ ಇರುವುದನ್ನು ಪಡೆಯಬೇಕು.

ತೊಡಕು ಇರುವುದು ಇಲ್ಲಿ. ಕಂಪನಿಯವರು "ಇವರ ಮಾಲೀಕ ಗುತ್ತಿಗೆದಾರ, ನಾವಲ್ಲ" ಎನ್ನುತ್ತಾರೆ. ಗುತ್ತಿಗೆದಾರ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗಿರುತ್ತಾನೆ ಅಥವಾ ಹೆಸರು ಬದಲಿಸಿಕೊಂಡಿರುತ್ತಾನೆ. ಒಂದು ಲೆಕ್ಕ ಹಾಕಿ ನೋಡಿ. ತಿಂಗಳಿಗೆ 15,000 ರೂಪಾಯಿ ವೇತನ ಇದೆಯೆಂದುಕೊಂಡರೆ, ಹದಿನೆಂಟು ವರ್ಷಗಳ ಸೇವೆಗೆ ಪರಿಹಾರ ಸುಮಾರು 1,35,000 ರೂಪಾಯಿ ಆಗುತ್ತದೆ. ಕೊನೆಯ ಗುತ್ತಿಗೆದಾರನ ಬಳಿಯ ಎರಡೇ ವರ್ಷಗಳನ್ನು ಎಣಿಸಿದರೆ ಅದು 15,000 ರೂಪಾಯಿಗೆ ಇಳಿಯುತ್ತದೆ. ಮನುಷ್ಯ ಅದೇ, ಭಟ್ಟಿ ಅದೇ, ಬದಲಾದದ್ದು ಕಾಗದದ ಮೇಲಿನ ಹೆಸರು. ಗುತ್ತಿಗೆ ಕೆಲಸಗಾರರು ತಾವಾಗಿಯೇ ಕಂಪನಿಯ ನೌಕರರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿತು. ಆದರೆ ಗುತ್ತಿಗೆಯೆಂಬುದು ಬರೀ ತೋರಿಕೆಯದು ಎಂದು ಸಾಬೀತಾದರೆ ಅವರನ್ನು ಕಂಪನಿಯ ನೌಕರರೆಂದೇ ಪರಿಗಣಿಸಬೇಕು ಎಂದೂ ಅದೇ ತೀರ್ಪು ಹೇಳಿದೆ. ಇದರ ಜೊತೆಗೆ, ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಐವತ್ತು ಮತ್ತು ಅದಕ್ಕಿಂತ ಹೆಚ್ಚು ಗುತ್ತಿಗೆಯವರಿರುವ ಕಡೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಾರ್ಖಾನೆಯ ಮುಖ್ಯ ಚಟುವಟಿಕೆಗೆ ಗುತ್ತಿಗೆ ಕೆಲಸಗಾರರನ್ನು ಹಚ್ಚಬಾರದೆನ್ನುತ್ತದೆ. ಫೌಂಡ್ರಿಯಲ್ಲಿ ಲೋಹ ಕರಗಿಸುವುದಕ್ಕಿಂತ ಮುಖ್ಯವಾದ ಚಟುವಟಿಕೆ ಬೇರೆ ಯಾವುದಿದ್ದೀತು?

ಈ ವಾದಗಳನ್ನೆಲ್ಲ ಎತ್ತಿ ನಿಲ್ಲಿಸುವುದು ಕಾಗದಗಳು. ಭವಿಷ್ಯನಿಧಿಯ ಯುಎಎನ್ (ಪಿಎಫ್ ಸದಸ್ಯರ ಏಕ ಸಂಖ್ಯೆ) ಪಾಸ್‌ಬುಕ್ಕಿನಲ್ಲಿ ಯಾವ ವರ್ಷ ಯಾವ ಗುತ್ತಿಗೆದಾರನ ಹೆಸರಿನಲ್ಲಿ ಹಣ ಜಮೆಯಾಗಿದೆ ಎಂಬುದು ಸಾಲುಸಾಲಾಗಿ ಇರುತ್ತದೆ. ಗೇಟ್ ಪಾಸಿನಲ್ಲಿ ಕಂಪನಿಯ ಹೆಸರಿರುತ್ತದೆ. ಇಎಸ್ಐ (ಕಾರ್ಮಿಕರ ವಿಮೆ) ಕಾರ್ಡು, ಹಾಜರಿ ಚೀಟಿ, ಕಂಪನಿ ಕೊಟ್ಟ ಹೆಲ್ಮೆಟ್ಟಿನ ರಸೀದಿ, ಸೂಪರ್‌ವೈಸರ್ ಫೋನಿಗೆ ಕಳಿಸಿದ ಶಿಫ್ಟಿನ ಸಂದೇಶ, ಇವನ್ನೆಲ್ಲ ಒಂದೆಡೆ ಇಟ್ಟರೆ ಹದಿನೆಂಟು ವರ್ಷ ಒಂದೇ ಗೇಟಿನೊಳಗೆ ಹೋಗಿಬಂದ ಮನುಷ್ಯನ ಇತಿಹಾಸ ಎದ್ದು ನಿಲ್ಲುತ್ತದೆ. ಕಾಲೇಜು ಓದುವ ಮಕ್ಕಳಿರುವ ಮನೆಗಳಲ್ಲಿ ಈ ಕೆಲಸ ಮಕ್ಕಳಿಂದಲೇ ಆಗುವಂಥದ್ದು. ಅಪ್ಪನ ಜೊತೆಗಾರರದನ್ನೂ ಸೇರಿಸಿ ಮಾಡಿದರೆ ಅದೇ ಆ ಫೌಂಡ್ರಿಯ ಗುತ್ತಿಗೆ ಕೆಲಸಗಾರರ ಮೊದಲ ಪಟ್ಟಿಯಾಗುತ್ತದೆ.

ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವ್ ಸಾಕ್ಷಿ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಅಲ್ಲಿ ಗಿರಣಿಗಳನ್ನು ಮುಳುಗಿಸಿದ್ದು ಹವಾಮಾನದ ಕಾಳಜಿಯಲ್ಲ, ಬೇರೆ ಕಾರಣಗಳು. ಆದರೆ ಒಂದು ಭಾರಿ ಉದ್ಯಮ ನಗರದಿಂದ ಹೊರಟಾಗ ಯಾರಿಗೆ ಏನು ಉಳಿಯಿತು ಎಂಬ ಪ್ರಶ್ನೆ ಒಂದೇ. 1991ರ ನಗರಾಭಿವೃದ್ಧಿ ನಿಯಮ ಗಿರಣಿ ಜಮೀನನ್ನು ಮಾರಾಟಕ್ಕೆ ತೆರೆಯುವಾಗ ಹೆಚ್ಚುಕಡಿಮೆ ಮೂರು ಪಾಲು ಮಾಡಿತ್ತು: ಒಂದು ಪಾಲು ಸಾರ್ವಜನಿಕ ಬಯಲಿಗೆ, ಒಂದು ಸರ್ಕಾರಿ ವಸತಿ ಸಂಸ್ಥೆ ಮ್ಹಾಡಾದ ವಸತಿಗೆ, ಒಂದು ಮಾಲೀಕರಿಗೆ. 2001ರ ತಿದ್ದುಪಡಿ ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಸೀಮಿತಗೊಳಿಸಿತು. ಗಿರಣಿಯ ಜಮೀನಿನ ತುಂಬ ಶೆಡ್ಡುಗಳೇ ಇದ್ದುದರಿಂದ ಬಯಲು ಮತ್ತು ವಸತಿಯ ಪಾಲು ತೀರಾ ಕುಗ್ಗಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗಿರಣಿ ಕೆಲಸಗಾರರ ಮನೆಗಳ ಲಾಟರಿ 2012ರಲ್ಲಿ ನಡೆದಾಗ ಮುಷ್ಕರಕ್ಕೆ ಮೂವತ್ತು ವರ್ಷ ತುಂಬಿತ್ತು, ಎಷ್ಟೋ ಅರ್ಜಿಗಳಲ್ಲಿ ಇದ್ದದ್ದು ವಾರಸುದಾರರ ಹೆಸರು.

ಗಿರಣಿಯವರಿಗಾದರೂ ಹಾಜರಿ ಪುಸ್ತಕವಿತ್ತು. ಅವರಿಗೆ ತಿಂಗಳ ಲೆಕ್ಕದಲ್ಲಿ ಎರಡು ಹೊತ್ತು ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರಿಗೆ ಅದೂ ಇರಲಿಲ್ಲ. 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದು ಇಂಥ ಹೆಂಗಸರಿಗಾಗಿಯೇ. ಸಂಬಳ ನಿಂತಾಗ ಸಾಲದ ಮೇಲೆ ಉಂಡವರ ಬಾಕಿ ಈ ಹೆಂಗಸರ ತಲೆಯ ಮೇಲೆ ನಿಂತಿತು, ಯಾವ ಪರಿಹಾರದ ಆದೇಶದಲ್ಲೂ ಅವರಿಗೆ ಸಾಲು ಇರಲಿಲ್ಲ. ಭೋಸರಿ, ಚಾಕಣಗಳಲ್ಲಿ ಇಂದು ಜೋಳದ ರೊಟ್ಟಿ ತಟ್ಟಿ ಡಬ್ಬಿ ಕಟ್ಟುವ ನಮ್ಮ ಉತ್ತರ ಕರ್ನಾಟಕದ ತಾಯಂದಿರೂ, ಕೋಕ್ ತರುವ ಟೆಂಪೊದವರೂ, ಮಂಚದ ಲೆಕ್ಕದಲ್ಲಿ ಕೋಣೆ ಬಾಡಿಗೆಗೆ ಕೊಡುವವರೂ ಅದೇ ಸ್ಥಿತಿಯಲ್ಲಿದ್ದಾರೆ. ಸಮುದಾಯಕ್ಕೆ ನ್ಯಾಯ ಎಂದಾಗ ನಾನು ಮೊದಲು ನೆನೆಯುವುದು ಇವರನ್ನು.

ಹಾಗಾದರೆ ಹಣ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಮಹಾರಾಷ್ಟ್ರಕ್ಕೆ ಇದು ಹೊಸ ಪ್ರಶ್ನೆಯಲ್ಲ. ನಿಮ್ಮ ತಂದೆಯವರ ವೇತನ ಚೀಟಿಯಲ್ಲಿ ವೃತ್ತಿ ತೆರಿಗೆಯೆಂದು ತಿಂಗಳಿಗೆ 200 ರೂಪಾಯಿ ಕಡಿತವಾಗಿರುವುದನ್ನು ನೋಡಿರಬಹುದು. ಎಪ್ಪತ್ತರ ದಶಕದ ಬರದ ನಂತರ, ಹಳ್ಳಿಯವರಿಗೆ ಕೆಲಸ ಕೊಡುವ ಉದ್ಯೋಗ ಖಾತರಿ ಯೋಜನೆಗೆ ಹಣ ಹೊಂದಿಸಲೆಂದೇ ಈ ರಾಜ್ಯ 1975ರಲ್ಲಿ ಆ ತೆರಿಗೆಯನ್ನು ತಂದಿತು. ಪಟ್ಟಣದಲ್ಲಿ ದುಡಿಯುವವರು ಬರದ ಹಳ್ಳಿಯ ಹೊಣೆಯನ್ನು ಹೊತ್ತರು. 1969ರ ಮಾಥಾಡಿ ಕಾಯ್ದೆ ಇನ್ನೊಂದು ದಾರಿ ತೋರಿಸಿತು: ಹಮಾಲರು ಯಾವುದೋ ಮುಕಾದಮನ (ಮೇಸ್ತ್ರಿಯ) ಕೈಕೆಳಗಿನವರಾಗದೆ, ಸರ್ಕಾರ, ಮಾಲೀಕರು ಮತ್ತು ಕೆಲಸಗಾರರ ಪ್ರತಿನಿಧಿಗಳಿರುವ ಮಂಡಳಿಯಲ್ಲಿ ನೋಂದಾಯಿತರಾಗುತ್ತಾರೆ, ಮಾಲೀಕರು ಕೂಲಿಯ ಮೇಲೆ ಲೆವಿ (ಶುಲ್ಕ) ಕಟ್ಟುತ್ತಾರೆ, ಭವಿಷ್ಯನಿಧಿ, ಗ್ರಾಚ್ಯುಟಿ ಆ ಮಂಡಳಿಯಿಂದ ಬರುತ್ತವೆ. ಇವತ್ತು ಈ ಅಂಗಡಿ, ನಾಳೆ ಆ ಗೋದಾಮು ಎಂದು ತಿರುಗಿದರೂ ಸೇವೆ ಮುರಿಯುವುದಿಲ್ಲ. ಫೌಂಡ್ರಿ ಮತ್ತು ಉಕ್ಕಿನ ಗುತ್ತಿಗೆ ಕೆಲಸಗಾರರಿಗೂ ಇಂಥದೇ ಮಂಡಳಿ ಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕೇಂದ್ರದ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಮೀಸಲಾಗಿದೆ. ಅಂಥ ಸಾರ್ವಜನಿಕ ಹಣವಾಗಲಿ, ಹೊಸ ಭಟ್ಟಿಯ ಮೇಲಿನ ಸಹಾಯಧನವಾಗಲಿ ಬಿಡುಗಡೆಯಾಗುವ ಮುನ್ನ, ಗುತ್ತಿಗೆಯವರ ಹೆಸರೂ ಇರುವ ಪಟ್ಟಿಯನ್ನು ಮಾಲೀಕರು ಸಲ್ಲಿಸಬೇಕು ಎಂದು ಷರತ್ತು ಹಾಕುವುದಕ್ಕೆ ಹೊಸ ಸಂಹಿತೆಯೇನೂ ಬೇಕಾಗಿಲ್ಲ. ಜಾಗವನ್ನು ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) ಗುತ್ತಿಗೆಗೆ ಕೊಟ್ಟಿರುವುದರಿಂದ, ಕಾರ್ಖಾನೆ ಪ್ಲಾಟನ್ನು ಬೇರೆಯವರಿಗೆ ವರ್ಗಾಯಿಸುವಾಗ ಅನುಮತಿ ಪಡೆಯಲೇಬೇಕು. ಬಾಕಿ ಪರಿಹಾರ ತೀರಿಸಿದ ದಾಖಲೆಯನ್ನು ಅಲ್ಲಿಯೂ ಕೇಳಬಹುದು.

ಹೊರದೇಶದ ಎರಡು ಅನುಭವಗಳನ್ನು ಚುಟುಕಾಗಿ ಹೇಳುತ್ತೇನೆ. ಜರ್ಮನಿ ತನ್ನ ಗಟ್ಟಿ ಕಲ್ಲಿದ್ದಲಿನ ಗಣಿಗಳನ್ನು ಮುಚ್ಚುವ ನಿರ್ಧಾರವನ್ನು 2007ರಲ್ಲೇ ಮಾಡಿ, ಕೊನೆಯ ಗಣಿಯನ್ನು 2018ರಲ್ಲಿ ಮುಚ್ಚಿತು. ಆ ಹನ್ನೊಂದು ವರ್ಷಗಳಲ್ಲಿ ಮುಂಚಿತ ನಿವೃತ್ತಿ, ಮರುತರಬೇತಿಗಳ ಮೂಲಕ ಗಣಿಗಾರರನ್ನು ಬೀದಿಗೆ ತಳ್ಳದೆ ನಿಭಾಯಿಸಿದರು. ಬ್ರಿಟನ್ನಿನ ಉಕ್ಕಿನ ಊರಾದ ಪೋರ್ಟ್ ಟಾಲ್ಬಟ್‌ನಲ್ಲಿ 2024ರ ಸೆಪ್ಟೆಂಬರ್ 30ರಂದು ಕೊನೆಯ ಊದುಕುಲುಮೆ ಆರಿತು. ಅದರ ಬದಲಿಗೆ ಬರಬೇಕಾದ ವಿದ್ಯುತ್ ಕುಲುಮೆಯ ನಿರ್ಮಾಣ ಶುರುವಾದದ್ದೇ 2025ರಲ್ಲಿ. ಸರ್ಕಾರ 50 ಕೋಟಿ ಪೌಂಡ್ ಕೊಟ್ಟರೂ, ನಡುವಿನ ವರ್ಷಗಳಲ್ಲಿ ಆ ಊರಿನ ದುಡಿಮೆಗೆ ಸೇತುವೆ ಇರಲಿಲ್ಲ. ನಿಮ್ಮ ಫೌಂಡ್ರಿಯ ಮಾಲೀಕರನ್ನು ಕೇಳಬೇಕಾದ ಪ್ರಶ್ನೆಯೂ ಇಲ್ಲೇ ಇದೆ: ಹೊಸ ಭಟ್ಟಿ ಉರಿಯತೊಡಗಿದ ಮೇಲೆ ಹಳೆಯದನ್ನು ತೆಗೆಯುತ್ತೀರೋ, ಹಳೆಯದನ್ನು ತೆಗೆದು ಹೊಸದಕ್ಕಾಗಿ ಕಾಯಿಸುತ್ತೀರೋ? ಕಾಯಿಸುವುದಾದರೆ ಆ ತಿಂಗಳುಗಳ ಕೂಲಿ ಯಾರದು?

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನು ನಾನಾಗಿ ಎತ್ತುತ್ತೇನೆ, ಏಕೆಂದರೆ ಹಣಕ್ಕಿಂತ ಅದು ದೊಡ್ಡದು. ಕುಪೋಲಾ ಹೋದರೂ ಅಚ್ಚಿನ ಮರಳು ಇದ್ದೇ ಇರುತ್ತದೆ. ಆ ಮರಳಿನ ಸಿಲಿಕಾ ಧೂಳು ವರ್ಷಗಟ್ಟಲೆ ಎದೆಯಲ್ಲಿ ಕೂತು, ಎಷ್ಟೋ ಕಾಲದ ನಂತರ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವಾಗಿ ಹೊರಬರುತ್ತದೆ. ಕೆಲಸ ಬಿಟ್ಟ ಮೇಲೂ ಬೆಳೆಯುತ್ತದೆ. ಊರಿಗೆ ಮರಳಿದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಇದನ್ನು ಕ್ಷಯವೆಂದುಕೊಂಡು ಚಿಕಿತ್ಸೆ ಕೊಡುವುದೂ ಉಂಟು. ಸಿಲಿಕೋಸಿಸ್ ಕಾನೂನಿನಲ್ಲಿ ಔದ್ಯೋಗಿಕ ರೋಗವೆಂದೇ ಪಟ್ಟಿಯಾಗಿದೆ, ಪರಿಹಾರಕ್ಕೂ ಅರ್ಹ. ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರ ಆರೋಗ್ಯ ದಾಖಲೆಗಳನ್ನು ಇಟ್ಟು, ಅವು ಕೆಲಸಗಾರರಿಗೆ ಸಿಗುವಂತೆ ಮಾಡುವುದು ಕಾರ್ಖಾನೆ ಕಾನೂನಿನ ಪ್ರಕಾರ ಆಡಳಿತದ ಹೊಣೆ. ಭಟ್ಟಿ ಬದಲಾಗುವ ಗದ್ದಲದಲ್ಲಿ ಈ ಕಡತಗಳು ಮೊದಲು ಕಳೆದುಹೋಗುತ್ತವೆ. ತಂದೆಯವರ ಇಎಸ್ಐ ಕಾರ್ಡು ಚಾಲ್ತಿಯಲ್ಲಿರುವಾಗಲೇ ಎದೆಯ ಎಕ್ಸ್-ರೇ ಮತ್ತು ಶ್ವಾಸಕೋಶದ ಪರೀಕ್ಷೆ ಮಾಡಿಸಿ, ಅವರ ಕೆಲಸ ಏನೆಂಬುದನ್ನು ವೈದ್ಯರಿಂದ ಕೇಸ್ ಪೇಪರಿನಲ್ಲಿ ಬರೆಸಿ, ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ.

ಮುಂದಿನ ಹೆಜ್ಜೆ ಹೀಗಿರಲಿ. ಹತ್ತಾರು ಗುತ್ತಿಗೆ ಕೆಲಸಗಾರರು ಒಟ್ಟಿಗೆ ಸಹಿ ಮಾಡಿ, ಹೊಸ ಭಟ್ಟಿಯ ಬಗ್ಗೆ ಲಿಖಿತ ಮಾಹಿತಿ, ತರಬೇತಿಯಲ್ಲಿ ಪಾಲು ಮತ್ತು ಸೇವಾವಧಿಯ ದಾಖಲೆಯನ್ನು ಕೇಳಿ ಕಂಪನಿಗೂ ಗುತ್ತಿಗೆದಾರನಿಗೂ ಪತ್ರ ಕೊಡಲಿ. ಪ್ರತಿ ಪುಣೆಯ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಲಿ, ಸ್ವೀಕೃತಿಯ ಮೊಹರು ಬೀಳಲಿ. ಪರ್ಮನೆಂಟ್‌ನವರ ಯೂನಿಯನ್ನಿನ ಜೊತೆ ಮಾತಾಡುವುದನ್ನು ಬಿಡಬೇಡಿ. ಗುತ್ತಿಗೆಯವರು ಅಗ್ಗವಾಗಿ ಹೊರಹೋದರೆ ಮುಂದಿನ ಸರದಿ ತಮ್ಮದು ಎಂಬುದು ಅಲ್ಲಿನ ಹಿರಿಯರಿಗೆ ಗೊತ್ತಿರುತ್ತದೆ.

ಒಂದು ಎಚ್ಚರಿಕೆ ಮಾತ್ರ ತಂದೆಯವರಿಗೆ ಇಂದೇ ತಲುಪಬೇಕು. ಕೊನೆಯ ಲೆಕ್ಕ ಚುಕ್ತಾ ಮಾಡುವಾಗ ಗುತ್ತಿಗೆದಾರರು ಮುಂದಿಡುವ ಮರಾಠಿ ಅಥವಾ ಇಂಗ್ಲಿಷ್ ಕಾಗದ ಎಷ್ಟೋ ಬಾರಿ ರಾಜೀನಾಮೆಯ ರೂಪದಲ್ಲಿರುತ್ತದೆ. ತಾನಾಗಿ ಕೆಲಸ ಬಿಟ್ಟೆ ಎಂದು ಸಹಿ ಮಾಡಿದವರಿಗೆ ಕಡಿತದ ಪರಿಹಾರವೂ ಇಲ್ಲ, ಮರುಕೌಶಲದ ಹಣವೂ ಇಲ್ಲ. ಓದಿ ಹೇಳುವವರು ಪಕ್ಕದಲ್ಲಿಲ್ಲದೆ ಯಾವ ಕಾಗದಕ್ಕೂ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕುವುದು ಬೇಡ. ಆ ದಿನ "ಮನೆಯವರಿಗೆ ತೋರಿಸಿ ನಾಳೆ ತರುತ್ತೇನೆ" ಎಂದು ಹೇಳಿ, ಕಾಗದದ ಫೋಟೊ ತೆಗೆದುಕೊಂಡು ಬರಲಿ.